ದಾರಿಯಿಲ್ಲದ ಹೊಲ

ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದು ಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ ನಾನು ಮೂರು ದಿನ ವಿಚಾರದಲ್ಲಿ ಬಿದ್ದೆನು. ವಚನ ಸಾಹಿತ್ಯವನ್ನು ಕುರಿತು ನನಗಿಂತ ಬಲ್ಲವರು ಬರೆಯುವರು. ಪ್ರೇಮದ ಕವಿತೆಗಳಿಗಂತೂ ಯಾವ ಕಾಲೇಜಿನ ಸಂಚಿಕೆಯಲ್ಲಿಯೂ ಎಂದೂ ಬರಗಾಲ ಬಿದ್ದಿಲ್ಲ. ಕೊನೆಗೆ ನಾನೇ ಪೆಟ್ಟು ತಿಂದು ಕಲಿತ ಒಂದು ಸಂಗತಿಯನ್ನು ಬರೆಯುವದು ಲೇಸೆಂದು ತೋರಿತು. ಅದು ಲ್ಯಾಪ್‌ಟಾಪ್ ಕೊಳ್ಳುವ ಸಂಗತಿ. ಅದರಲ್ಲಿಯೂ ಲ್ಯಾಪ್‌ಟಾಪಿನ ಪಕ್ಕೆಯಲ್ಲಿ ಪೋರ್ಟ್ ಎಂದು ಕರೆಯುವ ಕಿಂಡಿಗಳಿರುವವಲ್ಲ, ಅವುಗಳ ಸಂಗತಿ. ಕಲಾ ವಿಭಾಗದ ವಿದ್ಯಾರ್ಥಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಬಾರದು. ವಿಜ್ಞಾನದವರಿಗೆ ಪ್ರಯೋಗಶಾಲೆಯಿದೆ. ನಮಗಿರುವ ಪ್ರಯೋಗಶಾಲೆ ಈ ಪೆಟ್ಟಿಗೆಯೊಂದೇ.

ನಮ್ಮದು ಯಲಬುರ್ಗಾ ತಾಲೂಕಿನ ಒಂದು ಸಣ್ಣ ಹಳ್ಳಿ. ಮಳೆಯನ್ನೇ ನಂಬಿದ ಹೊಲ. ಸಜ್ಜೆ, ಜೋಳ, ಕಡಲೆ ಇವೇ ನಮ್ಮ ಬೆಳೆಗಳು. ನಾನು ಬಿ.ಎ. ಎರಡನೆಯ ವರ್ಷಕ್ಕೆ ಬಂದಾಗ ತಂದೆಯವರು ಕಡಲೆ ಮಾರಿದ ಹಣಕ್ಕೆ ತಾಯಿಯವರ ಸಂಘದ ಸಾಲವನ್ನು ಕೂಡಿಸಿ 46,000 ರೂಪಾಯಿಗಳನ್ನು ನನ್ನ ಕೈಯಲ್ಲಿಟ್ಟರು. ಕೊಪ್ಪಳದ ಅಂಗಡಿಯಲ್ಲಿ ನಾನು ಒಂದು ತಾಸು ನಿಂತು ಆರಿಸಿದೆನು. ಪ್ರೊಸೆಸರ್ ಯಾವದೆಂದು ಕೇಳಿದೆನು, ಮೆಮರಿ ಎಷ್ಟೆಂದು ಕೇಳಿದೆನು, ಪರದೆಯ ಹೊಳಪನ್ನು ನೋಡಿದೆನು. ಎಲ್ಲಕ್ಕಿಂತ ಹೆಚ್ಚಾಗಿ ಅದು ಪಾಟಿಯಂತೆ ತೆಳ್ಳಗಿದ್ದುದನ್ನು ನೋಡಿ ಮರುಳಾದೆನು. ಬಸ್ಸಿನಲ್ಲಿ ಹೊತ್ತು ತಿರುಗುವವನಿಗೆ ಹಗುರವಾದದ್ದೇ ಸೈ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆನು. ಅದರ ಪಕ್ಕೆಯನ್ನು ಮಾತ್ರ ತಿರುಗಿಸಿ ನೋಡಲಿಲ್ಲ. ಎಡಕ್ಕೆ ಕುಂಬಳ ಬೀಜದಷ್ಟು ಎರಡು ಕಿಂಡಿ, ಬಲಕ್ಕೆ ಹೆಡ್‌ಫೋನಿನ ಒಂದು ತೂತು, ಇಷ್ಟೇ ಅದಕ್ಕಿದ್ದ ಬಾಯಿಗಳೆಂಬದು ಮನೆಗೆ ಬಂದ ಮೇಲೆ ತಿಳಿಯಿತು. ತಿಳಿದರೂ ಅದರ ಅರ್ಥ ತಿಳಿಯಲಿಲ್ಲ.

ಅರ್ಥ ತಿಳಿದದ್ದು ಕಳೆದ ವರ್ಷ ಇತಿಹಾಸ ವಿಭಾಗದ ವಿಚಾರಗೋಷ್ಠಿಯ ದಿನ. ಕೊಪ್ಪಳದ ಅಶೋಕ ಶಾಸನಗಳನ್ನು ಕುರಿತು ಪ್ರಬಂಧ ಓದುವ ಸರದಿ ನನ್ನದಾಗಿತ್ತು. ಗವಿಮಠದ ಗುಡ್ಡವನ್ನೂ ಪಾಲ್ಕಿಗುಂಡನ್ನೂ ಹತ್ತಿ ಇಳಿದು, ಬೆಳಗಿನ ಎಳೆ ಬಿಸಿಲಿನಲ್ಲಿ ಅಕ್ಷರಗಳು ಕಾಣುವಂತೆ ನಲವತ್ತು ಛಾಯಾಚಿತ್ರಗಳನ್ನು ತೆಗೆದಿದ್ದೆನು. ಸಭಾಗೃಹದ ಪ್ರೊಜೆಕ್ಟರಿನಿಂದ ಇಳಿದು ಬಂದ ಕೇಬಲ್ಲಿನ ತುದಿಯಲ್ಲಿ ಹದಿನೈದು ಸೂಜಿಗಳ ನೀಲಿ ಪಿನ್ನು; ನನ್ನ ಹತ್ತಿರ ಕುಂಬಳ ಬೀಜದ ಕಿಂಡಿ. ಗೆಳೆಯರು ಓಡಿ ಹೋಗಿ ಎರಡು ಕನ್‌ವರ್ಟರ್ ತಂದು ಒಂದಕ್ಕೊಂದು ಜೋಡಿಸಿದರು. ಪರದೆ ಬೆಳಗಲಿಲ್ಲ. ಪೆನ್‌ಡ್ರೈವಿಗೆ ಹಾಕಿ ಬೇರೆ ಯಂತ್ರಕ್ಕೆ ಒಯ್ಯೋಣವೆಂದರೆ ಪೆನ್‌ಡ್ರೈವ್ ನನ್ನ ಕಿಂಡಿಯಲ್ಲಿ ಹೋಗಲೊಲ್ಲದು. ಮೊಬೈಲಿನಿಂದ ಕಳಿಸೋಣವೆಂದರೆ ಕಡತ ದೊಡ್ಡದು, ನೆಟ್‌ವರ್ಕ್ ಸಣ್ಣದು. ಕೊಟ್ಟ ಹದಿನೈದು ನಿಮಿಷಗಳಲ್ಲಿ ಹನ್ನೆರಡು ಕಳೆದುಹೋದವು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಬಂಡೆಯ ಮೇಲೆ ಕೊರೆದ ಅಕ್ಷರ ಇಂದಿಗೂ ಬರಿಗಣ್ಣಿಗೆ ಕಾಣುವದು. ಆ ವಾರ ತೆಗೆದ ಅದರ ಚಿತ್ರ ಹತ್ತು ಅಡಿ ದೂರದ ಪರದೆಯ ಮೇಲೆ ಕಾಣಲಿಲ್ಲ. ಉಳಿದ ಮೂರು ನಿಮಿಷ ನಾನು ಏನು ಮಾತಾಡಿದೆನೆಂಬದು ನನಗೇ ನೆನಪಿಲ್ಲ.

ಆ ವಾರ ಊರಿಗೆ ಹೋದಾಗ ಕಟ್ಟೆಯ ಮೇಲೆ ಕುಳಿತು ತಂದೆಯವರಿಗೆ ಎಲ್ಲವನ್ನೂ ಹೇಳಿದೆನು. ಅವರು ಸಿಟ್ಟಾಗಲಿಲ್ಲ. ಲ್ಯಾಪ್‌ಟಾಪನ್ನು ಕೈಯಲ್ಲಿ ತೆಗೆದುಕೊಂಡು ನಾಲ್ಕೂ ಬದಿ ತಿರುವಿ ನೋಡಿ ಹೇಳಿದರು: “ಅಲ್ಲಪಾ ತಮ್ಮಾ, ಹೊಲಾ ತಗೊಳ್ಳೂವಾಗ ಬರೇ ಮಣ್ಣು ನೋಡ್ತಾರೇನು? ಬಂಡಿ ಹೋಗಾಕ ದಾರಿ ಐತೋ ಇಲ್ಲೋ ಅದನ್ನ ಮೊದಲು ನೋಡಬೇಕು. ದಾರಿ ಇಲ್ಲದ ಹೊಲದಾಗ ಬಂಗಾರ ಬೆಳೆದರೂ ಮನೀಗೆ ತರೂದು ಹೆಂಗ?”

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವದು ತಂದೆಯವರ ಈ ಮಾತನ್ನೇ. ಲ್ಯಾಪ್‌ಟಾಪಿನ ಒಳಗಿನ ಶಕ್ತಿ ಮಣ್ಣಿದ್ದಂತೆ. ಅದರ ಪಕ್ಕೆಯ ಕಿಂಡಿಗಳು ಬಂಡಿಯ ದಾರಿಯಿದ್ದಂತೆ. ನಮ್ಮಂಥ ಬಡ ವಿದ್ಯಾರ್ಥಿಗಳು ಮೊದಲು ದಾರಿಯನ್ನು ನೋಡಿ ಆಮೇಲೆ ಮಣ್ಣನ್ನು ನೋಡಬೇಕು.

ಈ ಕಿಂಡಿಗಳಿಗೂ ಒಂದು ಇತಿಹಾಸವುಂಟು. ನಮ್ಮ ಸಭಾಗೃಹದ ಆ ನೀಲಿ ಪಿನ್ನಿಗೆ ವಿ.ಜಿ.ಎ. ಎಂದು ಹೆಸರು. ಅದನ್ನು 1987ರಲ್ಲಿ ಐ.ಬಿ.ಎಂ. ಕಂಪನಿಯವರು ತಂದರು. ಅದರಲ್ಲಿ ಚಿತ್ರ ಮಾತ್ರ ಹೋಗುವದು, ಧ್ವನಿ ಹೋಗದು. 2002ರಲ್ಲಿ ಎಚ್.ಡಿ.ಎಂ.ಐ. ಬಂದಿತು, ಚಿತ್ರ, ಧ್ವನಿ ಎರಡನ್ನೂ ಅದು ಒಂದೇ ತಂತಿಯಲ್ಲಿ ಸಾಗಿಸುವದು. ಈಗಿನ ಟಿ.ವಿ.ಗಳಲ್ಲಿಯೂ ಹೊಸ ಪ್ರೊಜೆಕ್ಟರುಗಳಲ್ಲಿಯೂ ಇರುವದು ಇದೇ. ಇವೆರಡರ ಜಾತಿ ಬೇರೆ. ಆದುದರಿಂದ ಒಂದನ್ನು ಇನ್ನೊಂದಕ್ಕೆ ಕೂಡಿಸಲು ಬರಿಯ ತಂತಿ ಸಾಲದು. ನಡುವೆ ಸಂಕೇತವನ್ನು ಬದಲಿಸುವ ಸಣ್ಣ ಯಂತ್ರವೊಂದು ಬೇಕು.

ಪೆನ್‌ಡ್ರೈವ್ ಹಾಕುವ ಚೌಕಾಕಾರದ ಯು.ಎಸ್.ಬಿ. ಕಿಂಡಿ 1996ರದು. ಅದಕ್ಕೂ ಮೊದಲು ಕೀಬೋರ್ಡಿಗೊಂದು, ಮೌಸಿಗೊಂದು, ಪ್ರಿಂಟರಿಗೊಂದು ಬೇರೆ ಬೇರೆ ಕಿಂಡಿಗಳಿದ್ದವು. ಎಲ್ಲಕ್ಕೂ ಒಂದೇ ಬಾಗಿಲು ಮಾಡಬೇಕೆಂದು ಹಲವು ಕಂಪನಿಗಳು ಕೂಡಿ ದುಡಿದವು. ಆ ಕೆಲಸದಲ್ಲಿ ಮುಂದಾಳಾಗಿದ್ದವರಲ್ಲಿ ಇಂಟೆಲ್ ಕಂಪನಿಯ ಅಜಯ್ ಭಟ್ಟರು ಒಬ್ಬರು. ಅವರು ನಮ್ಮ ದೇಶದವರು, ವಡೋದರೆಯ ವಿಶ್ವವಿದ್ಯಾಲಯದಲ್ಲಿ ಕಲಿತವರು ಎಂಬದು ನಮಗೆ ಅಭಿಮಾನದ ಸಂಗತಿ. ಆ ಪಿನ್ನು ತಿರುವಾದರೆ ಒಳಗೆ ಹೋಗದೆಂದು ನಾವೆಲ್ಲ ಬೇಸರಪಡುತ್ತೇವೆ. ಎರಡೂ ಕಡೆಯಿಂದ ಹೋಗುವಂತೆ ಮಾಡಿದ್ದರೆ ಖರ್ಚು ಇಮ್ಮಡಿಯಾಗುತ್ತಿತ್ತೆಂದು ಭಟ್ಟರೇ ಮುಂದೆ ಹೇಳಿದ್ದಾರೆ. 2000ದಲ್ಲಿ ಬಂದ ಎರಡನೆಯ ಪೀಳಿಗೆಯ ವೇಗ ಸೆಕೆಂಡಿಗೆ 480 ಮೆಗಾಬಿಟ್. 2008ರಲ್ಲಿ ಬಂದ ಮೂರನೆಯದು 5 ಗಿಗಾಬಿಟ್, ಎಂದರೆ ಹತ್ತು ಪಟ್ಟಿಗಿಂತ ಹೆಚ್ಚು. ಕಿಂಡಿಯ ಒಳಗಿನ ನಾಲಗೆ ನೀಲಿಯಾಗಿದ್ದರೆ ಅದು ಸಾಮಾನ್ಯವಾಗಿ ಈ ವೇಗದ ಜಾತಿ.

2014ರಲ್ಲಿ ಬಂದದ್ದು ನನ್ನ ಕುಂಬಳ ಬೀಜ, ಅಂದರೆ ಟೈಪ್-ಸಿ. ಹೇಗೆ ಹಾಕಿದರೂ ಹೋಗುವದು; ವಿದ್ಯುತ್ತು, ಮಾಹಿತಿ, ಚಿತ್ರ ಮೂರನ್ನೂ ಸಾಗಿಸಬಲ್ಲದು. ಆದರೆ “ಬಲ್ಲದು” ಎಂಬ ಈ ಶಬ್ದದಲ್ಲಿಯೇ ಮೋಸವಿದೆ. ಟೈಪ್-ಸಿ ಎಂಬದು ಆಕಾರದ ಹೆಸರು, ಕೆಲಸದ ಹೆಸರಲ್ಲ. ಮೂವರು ಒಂದೇ ಬಣ್ಣದ ಅಂಗಿ ತೊಟ್ಟು ನಿಂತಂತೆ ಇದು. ಒಬ್ಬನು ಎಲ್ಲ ಕೆಲಸ ಬಲ್ಲವನು, ಒಬ್ಬನು ಮಾಹಿತಿಯನ್ನಷ್ಟೇ ಹೊರುವವನು, ಇನ್ನೊಬ್ಬನು ಚಾರ್ಜನ್ನೂ ಮಾಹಿತಿಯನ್ನೂ ಹೊತ್ತು ಚಿತ್ರವನ್ನು ಮುಟ್ಟದವನು. ನನ್ನ ಪಾಲಿಗೆ ಬಂದವನು ಈ ಮೂರನೆಯವನು. ಗೆಳೆಯರು ತಂದ ಕನ್‌ವರ್ಟರಿನಲ್ಲಿ ದೋಷವಿರಲಿಲ್ಲ. ಕಿಂಡಿಯಿಂದ ಚಿತ್ರವೇ ಹೊರಗೆ ಬರುತ್ತಿರಲಿಲ್ಲ. ಕೆಲವು ಯಂತ್ರಗಳಲ್ಲಿ ಕಿಂಡಿಯ ಪಕ್ಕಕ್ಕೆ ಗುರುತು ಒತ್ತಿರುತ್ತಾರೆ. ಡಿ ಮತ್ತು ಪಿ ಅಕ್ಷರಗಳು ಕೂಡಿದ ಗುರುತಿದ್ದರೆ ಚಿತ್ರ ಬರುವದು. ಮಿಂಚಿನ ಬಾಣದ ಗುರುತಿದ್ದರೆ ಅದು ಥಂಡರ್‌ಬೋಲ್ಟ್, ಎಲ್ಲವೂ ಬರುವದು. ಎಷ್ಟೋ ಯಂತ್ರಗಳಲ್ಲಿ ಗುರುತೇ ಇರುವದಿಲ್ಲ. ಆಗ ಕಂಪನಿಯ ವಿವರಪಟ್ಟಿಯನ್ನು ಓದಿ ತಿಳಿಯಬೇಕು.

ಇನ್ನು ನಮ್ಮ ಜಿಲ್ಲೆಯಲ್ಲಿ ಈ ಪೆಟ್ಟಿಗೆ ಎಲ್ಲೆಲ್ಲಿ ಹೋಗಬೇಕಾಗುವದೆಂದು ವಿಚಾರಿಸೋಣ. ಕೊಪ್ಪಳದ ಸಭಾಗೃಹದ ಮಾತು ಆಯಿತು. ಕುಷ್ಟಗಿಯಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ, ನಮ್ಮ ವರ್ಗದವಳೇ. ಅವಳು ಯೋಜನಾ ಪ್ರಬಂಧವನ್ನು ಅಚ್ಚು ಹಾಕಿಸುವದು ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ. ಕೊನೆಯ ದಿನ ಅಲ್ಲಿ ಇಪ್ಪತ್ತು ಜನರ ಸಾಲು. ಅಂಗಡಿಯ ಅಣ್ಣ ಕೈ ಚಾಚಿ ಕೇಳುವದು ಒಂದೇ ಮಾತು: “ಪೆನ್‌ಡ್ರೈವ್ ಕೊಡ್ರಿ.” ಮೇಲ್ ತೆರೆದು, ಗುಪ್ತ ಸಂಖ್ಯೆ ಹೊಡೆದು, ಕಡತ ಇಳಿಸಿಕೊಳ್ಳುವಷ್ಟು ಪುರುಸೊತ್ತು ಅವನಿಗೂ ಇಲ್ಲ, ಹಿಂದೆ ನಿಂತವರಿಗೂ ಇಲ್ಲ. ಇದೇ ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ ರೈಲು ಬಂದಿತು. ಊರು ಹಿಂದಿನದೇ, ಜನರೂ ಹಿಂದಿನವರೇ. ಆದರೆ ಹಳಿ ಕೂಡಿದ ದಿನದಿಂದ ಹುಬ್ಬಳ್ಳಿಯ ದಾರಿ ಬೇರೆಯಾಯಿತು. ಒಂದು ವಸ್ತುವಿನ ಬೆಲೆ ಅದು ಯಾವದರ ಜೊತೆಗೆ ಕೂಡಿಕೊಳ್ಳುವದೋ ಅದರ ಮೇಲೆ ನಿಂತಿದೆಯೆಂಬದಕ್ಕೆ ಬೇರೆ ಸಾಕ್ಷಿ ಬೇಡ.

ಗಂಗಾವತಿಯ ಮಾತು ಇನ್ನೂ ಸ್ವಾರಸ್ಯವಾದದ್ದು. ನನ್ನ ಕೋಣೆಯ ಗೆಳೆಯನ ಸೋದರಮಾವ ಅಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವರು. ಭತ್ತದ ಲಾರಿಯನ್ನು ತೂಗುವ ವೇಬ್ರಿಜ್ಜಿನ ಯಂತ್ರಕ್ಕೆ ಒಂಬತ್ತು ಸೂಜಿಗಳ ಸೀರಿಯಲ್ ಕಿಂಡಿ. ಆ ಪದ್ಧತಿಯನ್ನು ಅಮೇರಿಕೆಯಲ್ಲಿ ಗೊತ್ತುಪಡಿಸಿದ್ದು 1960ರಲ್ಲಿ. ಗಿರಣಿಗೆ ಹೊಸ ಲ್ಯಾಪ್‌ಟಾಪ್ ಬಂದಿತು. ಆದರೆ ಲಾರಿಯ ತೂಕ ಅದರೊಳಗೆ ಇಳಿಯಲಿಲ್ಲ. ಹೀಗಾಗಿ ಹಳೆಯ ಕಂಪ್ಯೂಟರೊಂದು ಮುದಿ ಗುಮಾಸ್ತನಂತೆ ಅದೇ ಮೇಜಿನ ಮೇಲೆ ಕುಳಿತು ತೂಕ ಬರೆದುಕೊಳ್ಳುತ್ತಿದೆ. ಹೊಸದು ಪಕ್ಕದಲ್ಲಿ ಕುಳಿತು ಅದರ ಮುಖ ನೋಡುತ್ತಿದೆ. ನಮ್ಮಲ್ಲಿ ಅನೇಕರು ಪದವಿ ಮುಗಿಸಿ ಇಂಥ ಗಿರಣಿ, ಅಡತಿ ಅಂಗಡಿ, ಸೊಸಾಯಿಟಿಗಳಲ್ಲಿಯೇ ಕೆಲಸಕ್ಕೆ ನಿಲ್ಲುವವರು. ಹಳೆಯ ಯಂತ್ರಗಳ ಜೊತೆಗೆ ಮಾತಾಡಲು ಬಾರದ ಹೊಸ ಯಂತ್ರ ಅಲ್ಲಿ ಎಷ್ಟರ ಉಪಯೋಗದ್ದು?

ನಮ್ಮ ಹಳ್ಳಿಗೆ ಬಂದರೆ ಮಾತು ತಿರುಗುವದು. ಇಲ್ಲಿ ನಾನು ಟೈಪ್-ಸಿಯ ಪಕ್ಷ ವಹಿಸುವೆನು. ಕೆಲವು ಲ್ಯಾಪ್‌ಟಾಪುಗಳು ತಮ್ಮದೇ ದುಂಡನೆಯ ಪಿನ್ನಿನ ಚಾರ್ಜರನ್ನು ಬಿಟ್ಟು ಬೇರೆ ಯಾವದನ್ನೂ ಒಪ್ಪುವದಿಲ್ಲ. ಆ ಚಾರ್ಜರ್ ಕೆಟ್ಟರೆ ಅದೇ ಜಾತಿಯದನ್ನು ಹುಡುಕಲು ಊರಿಂದೂರಿಗೆ ಅಲೆಯಬೇಕು. ಟೈಪ್-ಸಿಯಿಂದ ಚಾರ್ಜಾಗುವ ಯಂತ್ರಕ್ಕೆ ಗೆಳೆಯನ ಚಾರ್ಜರೂ ನಡೆದೀತು. ಕರೆಂಟು ಹೋದ ರಾತ್ರಿ ದೊಡ್ಡ ಪವರ್ ಬ್ಯಾಂಕೂ ನಡೆದೀತು. ಇಲ್ಲಿಯೂ ಲೆಕ್ಕ ತಿಳಿದಿರಬೇಕು. ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ 45 ಇಲ್ಲವೆ 65 ವ್ಯಾಟ್ ಬೇಕು. ಮೊಬೈಲಿನ 10 ಅಥವಾ 18 ವ್ಯಾಟಿನ ಸಣ್ಣ ಚಾರ್ಜರಿನಿಂದ ಆನೆಗೆ ಅರೆಕಾಸಿನ ಮಜ್ಜಿಗೆ ಕುಡಿಸಿದಂತಾಗುವದು.

ನನ್ನ ವಾದಕ್ಕೆ ಎದುರು ಮಾತುಗಳಿಲ್ಲದೆ ಇಲ್ಲ. ವಸತಿಗೃಹದಲ್ಲಿ ಈ ವಿಷಯ ತೆಗೆದಾಗಲೆಲ್ಲ ಮೂರು ಆಕ್ಷೇಪಗಳನ್ನು ಕೇಳಿದ್ದೇನೆ.

ಮೊದಲನೆಯದು: “ಕೆಲವು ನೂರು ರೂಪಾಯಿಗೆ ಕನ್‌ವರ್ಟರ್ ಸಿಗುವಾಗ ಇಷ್ಟೇಕೆ ಗದ್ದಲ?” ಹಿರಿಯರು ಒಂದು ಸಂಗತಿ ಹೇಳುವರು. ಕೊಪ್ಪಳದ ಮೇಲೆ ಹಾದುಹೋಗುವ ಹೊಸಪೇಟೆ-ಹುಬ್ಬಳ್ಳಿ ರೈಲು ಹಾದಿ ಮೊದಲು ಮೀಟರ್ ಗೇಜ್ ಆಗಿತ್ತು. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಗೇಜು ಬದಲಾಗುವ ನಿಲ್ದಾಣಗಳಲ್ಲಿ ಹಮಾಲರು ಒಂದು ಗಾಡಿಯ ಮಾಲನ್ನು ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗುತ್ತಿತ್ತು. ಕನ್‌ವರ್ಟರ್ ಇಂಥ ಒಬ್ಬ ಹಮಾಲ. ಅವನಿಗೂ ಕೂಲಿ ಕೊಡಬೇಕು. ಅವಸರದ ದಿನ ಅವನು ಬಾರದಿರಬಹುದು. ಗಾಡಿಯಲ್ಲಿ ಮಾಲೇ ಬರದಿದ್ದರೆ ಅವನಾದರೂ ಏನನ್ನು ಹೊತ್ತಾನು? ಹಣವಂತರ ಯಂತ್ರವೆನಿಸಿದ ಮ್ಯಾಕ್‌ಬುಕ್ಕಿನ ಕಥೆಯನ್ನೇ ನೋಡಿರಿ. 2015ರಲ್ಲಿ ಆಪಲ್ ಕಂಪನಿಯು ಹೆಡ್‌ಫೋನಿನ ತೂತನ್ನು ಬಿಟ್ಟರೆ ಒಂದೇ ಒಂದು ಟೈಪ್-ಸಿ ಇದ್ದ ಮ್ಯಾಕ್‌ಬುಕ್ ತಂದಿತು. 2016ರಲ್ಲಿ ತನ್ನ ದೊಡ್ಡ ಮ್ಯಾಕ್‌ಬುಕ್ ಪ್ರೊದಿಂದಲೂ ಉಳಿದ ಕಿಂಡಿಗಳನ್ನು ತೆಗೆಯಿತು. 2021ರಲ್ಲಿ ಅದೇ ಪ್ರೊಗೆ ಎಚ್.ಡಿ.ಎಂ.ಐ. ಮತ್ತು ಮೆಮರಿ ಕಾರ್ಡಿನ ಕಿಂಡಿಗಳನ್ನು ಮರಳಿ ಕೊಟ್ಟಿತು. ಕನ್‌ವರ್ಟರ್ ಕೊಳ್ಳುವ ಶಕ್ತಿಯುಳ್ಳವರಿಗೇ ಅದು ಸಾಕೆನಿಸಿದ ಮೇಲೆ ನಮ್ಮ ಗತಿಯೇನು?

ಎರಡನೆಯದು: “ಜಗತ್ತೆಲ್ಲ ಟೈಪ್-ಸಿಯ ಕಡೆಗೆ ನಡೆದಿರುವಾಗ ಹಳೆಯ ಕಿಂಡಿಗೆ ಜೋತು ಬೀಳುವದೇಕೆ?” ಈ ಮಾತಿನಲ್ಲಿ ಸತ್ಯಾಂಶವಿದೆ. ಯುರೋಪಿನ ಒಕ್ಕೂಟ 2022ರಲ್ಲಿ ಕಾನೂನು ಮಾಡಿ, ಮೊಬೈಲು ಮೊದಲಾದವುಗಳ ಚಾರ್ಜಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರಿಂದ ಟೈಪ್-ಸಿ ಇರತಕ್ಕದ್ದೆಂದು ಗೊತ್ತುಪಡಿಸಿತು. ನಮ್ಮ ಭಾರತೀಯ ಮಾನಕ ಬ್ಯೂರೋದವರೂ ಟೈಪ್-ಸಿಗೆ ಮಾನಕವನ್ನು ಹೊರಡಿಸಿದ್ದಾರೆ. ನಾನು ಹೊಸದನ್ನು ಬೇಡವೆನ್ನುತ್ತಿಲ್ಲ. ಹೊಸದರ ಜೊತೆಗೆ ಹಳೆಯದೂ ಇರಲಿ ಎನ್ನುತ್ತೇನೆ. ಮುಂಬಯಿ, ಬೆಂಗಳೂರುಗಳ ಕಚೇರಿಯಲ್ಲಿ ಯಂತ್ರಗಳು ಬೇಗ ಬದಲಾಗಬಹುದು. ನಮ್ಮ ತಾಲೂಕುಗಳಲ್ಲಿ ಒಮ್ಮೆ ಗೋಡೆಗೆ ಏರಿದ ಪ್ರೊಜೆಕ್ಟರ್ ಅಷ್ಟು ಸುಲಭವಾಗಿ ಇಳಿಯುವದಿಲ್ಲ. ನಾವು ಕೊಳ್ಳುವ ಲ್ಯಾಪ್‌ಟಾಪಾದರೂ ಕನಿಷ್ಠ ಐದು ವರ್ಷ ಬಾಳಬೇಕು. ಹೊಸ ಕಾಲವೂ ಹಳೆಯ ಕಾಲವೂ ಒಂದೇ ಓಣಿಯಲ್ಲಿ ಇರುವಲ್ಲಿ ಬದುಕುವವನಿಗೆ ಎರಡೂ ಬಾಗಿಲು ಬೇಕು.

ಮೂರನೆಯದು: “ಎಲ್ಲವನ್ನೂ ಅಂತರ್ಜಾಲದಲ್ಲಿಟ್ಟರೆ ಕಿಂಡಿಯೇ ಬೇಡ.” ವಿಚಾರಗೋಷ್ಠಿಯ ದಿನ ನೆಟ್‌ವರ್ಕ್ ನನ್ನನ್ನು ಹೇಗೆ ಕೈಬಿಟ್ಟಿತೆಂಬದನ್ನು ಈಗಾಗಲೆ ಹೇಳಿದ್ದೇನೆ. ಅದು ಸಿಕ್ಕಲ್ಲಿ ಉಪಯೋಗಿಸೋಣ. ಸಿಗದಲ್ಲಿ ಕೈಗೆ ಸಿಗುವದು ತಂತಿಯೇ.

ಕಿಂಡಿಯೊಂದನ್ನೇ ನೋಡಿ ಉಳಿದುದನ್ನು ಬಿಡಬೇಕೆಂಬ ಹಟ ನನ್ನದಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೆಮರಿಯನ್ನು ಆಮೇಲೆ ಹೆಚ್ಚಿಸಬಹುದು, ಡಿಸ್ಕನ್ನು ಬದಲಿಸಬಹುದು, ಬ್ಯಾಟರಿಯನ್ನು ಹೊಸದು ಹಾಕಿಸಬಹುದು. ಪಕ್ಕೆಯಲ್ಲಿ ಇಲ್ಲದ ಕಿಂಡಿಯನ್ನು ಮಾತ್ರ ಯಾವ ಮೆಕ್ಯಾನಿಕನೂ ಕೊರೆದು ಕೊಡಲಾರನು. ಹೊಲಕ್ಕೆ ಗೊಬ್ಬರ ಹಾಕಿ ಮಣ್ಣನ್ನು ಸುಧಾರಿಸಬಹುದು. ಪಕ್ಕದ ಹೊಲದವನು ಒಪ್ಪದೆ ದಾರಿ ಹುಟ್ಟದು.

ಆದುದರಿಂದ ಬರುವ ವರ್ಷ ಲ್ಯಾಪ್‌ಟಾಪ್ ಕೊಳ್ಳಲಿರುವ ಮಿತ್ರರಿಗೆ ನನ್ನ ವಿನಂತಿ ಇಷ್ಟು. ಅಂಗಡಿಗೆ ಹೋಗುವ ಮೊದಲು ಒಂದು ವಾರ, ನೀವು ತಿರುಗಾಡುವ ಕಡೆ ಇರುವ ಪಿನ್ನುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ: ವರ್ಗದ ಪ್ರೊಜೆಕ್ಟರ್ ಯಾವದು, ಝೆರಾಕ್ಸ್ ಅಂಗಡಿಯವರು ಏನು ಕೇಳುವರು, ಮನೆಯಲ್ಲಿ ಯಾವ ಚಾರ್ಜರಿದೆ. ಅಂಗಡಿಗೆ ಪೆನ್‌ಡ್ರೈವನ್ನು ಒಯ್ದು ಹಾಕಿ ನೋಡಿರಿ. ಅಲ್ಲಿಯ ಟಿ.ವಿ.ಗೆ ಕೂಡಿಸಿ ತೋರಿಸೆಂದು ಕೇಳಿರಿ. ನಾಚಿಕೆಪಡಬೇಡಿರಿ, ಎತ್ತು ಕೊಳ್ಳುವವನು ಹಲ್ಲು ನೋಡಿದರೆ ಯಾರೂ ನಗುವದಿಲ್ಲ. ಟೈಪ್-ಸಿ ಇದ್ದರೆ, ಚಾರ್ಜಾಗುವದೇ, ಚಿತ್ರ ಬರುವದೇ, ವೇಗವೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ವಿವರಪಟ್ಟಿಯಲ್ಲಿಯೇ ತೋರಿಸಿಕೊಳ್ಳಿರಿ. ಚಾರ್ಜರ್ ಹಾಕಿದ ಮೇಲೂ ಬೇಕಾದ ಕಿಂಡಿಗಳು ಖಾಲಿ ಉಳಿಯುವವೇ ಎಂದು ಎಣಿಸಿರಿ. ಯಂತ್ರ ಅರ್ಧ ಕಿಲೊ ಹೆಚ್ಚು ಭಾರವಾದರೆ ಆಗಲಿ. ನೀರಿನ ಕೊಡ ಹೊತ್ತ ಹೆಗಲು ನಮ್ಮದು.

ಅಧ್ಯಾಪಕ ವರ್ಗದವರಲ್ಲಿಯೂ ಪ್ರಾಚಾರ್ಯರಲ್ಲಿಯೂ ಒಂದು ಬಿನ್ನಹವಿದೆ. ಸಭಾಗೃಹದ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಇಲ್ಲಿಯ ಪ್ರೊಜೆಕ್ಟರಿಗೆ ಇಂಥ ಪಿನ್ನು ಬೇಕೆಂದು ಬರೆದಿಟ್ಟರೆ ಖರ್ಚು ಒಂದು ಹಾಳೆಯದು. ಪರೀಕ್ಷಿಸಿದ ಎರಡು ಮೂರು ಕನ್‌ವರ್ಟರುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಗ್ರಂಥಾಲಯದಲ್ಲಿ ಪುಸ್ತಕದಂತೆ ಎರವು ಕೊಟ್ಟರೆ ವರ್ಷಕ್ಕೆ ಎಷ್ಟು ಹುಡುಗ ಹುಡುಗಿಯರ ಮಾನ ಉಳಿದೀತು! ಕನ್ನಡ ಶಾಲೆಯಿಂದ ಬಂದು ಮೊದಲ ಸಲ ವೇದಿಕೆ ಹತ್ತುವವನಿಗೆ ಆ ಹದಿನೈದು ನಿಮಿಷ ಸಣ್ಣದಲ್ಲ. ಪರದೆ ಬೆಳಗದಿದ್ದರೆ ಅವನು ಯಂತ್ರ ಕೈಕೊಟ್ಟಿತೆಂದು ತಿಳಿಯುವದಿಲ್ಲ, ಈ ಕೆಲಸ ತನ್ನಂಥವನದಲ್ಲವೆಂದು ತಿಳಿಯುವನು. ನಾನು ಹಾಗೆಯೇ ತಿಳಿದಿದ್ದೆನು. ಮತ್ತೆ ವೇದಿಕೆ ಹತ್ತಲು ಐದು ತಿಂಗಳು ಹಿಡಿಯಿತು.

ತಾಯಿಯವರ ಸಂಘದ ಕಂತು ಇನ್ನೂ ಮುಗಿದಿಲ್ಲ. ಲ್ಯಾಪ್‌ಟಾಪ್ ನನ್ನ ಹತ್ತಿರವೇ ಇದೆ. ಈ ಲೇಖನವನ್ನು ಅದರಲ್ಲಿಯೇ ಬರೆದಿದ್ದೇನೆ. ಅದರ ಜೊತೆಗೆ ನಾಲ್ಕು ಬಾಯಿಗಳ ಒಂದು ಹಬ್ಬನ್ನು ದಾರದಿಂದ ಚೀಲಕ್ಕೆ ಕಟ್ಟಿಕೊಂಡು ತಿರುಗುತ್ತೇನೆ. ಇದೇ ವರ್ಷ ನನ್ನ ತಂಗಿ ಪದವಿಗೆ ಸೇರುವಳು. ಅವಳಿಗೂ ಒಂದು ಯಂತ್ರ ಬೇಕೆಂಬ ಮಾತು ಮನೆಯಲ್ಲಿ ನಡೆದಿದೆ. ಈ ಸಲ ಅಂಗಡಿಗೆ ತಂದೆಯವರನ್ನು ಕರೆದುಕೊಂಡು ಹೋಗಬೇಕೆಂದು ನಿಶ್ಚಯಿಸಿದ್ದೇನೆ. ಅವರಿಗೆ ಪ್ರೊಸೆಸರಿನ ಹೆಸರು ತಿಳಿಯದು. ಆದರೆ ಅವರು ಮೊದಲು ಪಕ್ಕೆಯನ್ನು ತಿರುವಿ ನೋಡುವರು.